ಭಾಗಲಬ್ಧ ಮತ್ತು ಅಭಾಗಲಬ್ಧ ಸಂಖ್ಯೆಗಳು

ಒಂದು ಪೂರ್ಣಾಂಕವನ್ನು ಇನ್ನೊಂದು ಪೂರ್ಣಾಂಕದಿಂದ ಭಾಗಿಸಿ ಪಡೆಯಬಹುದಾದ ಸಂಖ್ಯೆ ಭಾಗಲಬ್ಧ. ಯಾವ ಎರಡು ಪೂರ್ಣಾಂಕಗಳಿಂದಲೂ ಹಾಗೆ ಪಡೆಯಲಾಗದ ವಾಸ್ತವ ಸಂಖ್ಯೆ ಅಭಾಗಲಬ್ಧ. ಛೇದ ಸೊನ್ನೆಯಾಗಿರಬಾರದು ಎಂಬುದೊಂದೇ ಷರತ್ತು. 3/4, −5/2, 0.125 ಭಾಗಲಬ್ಧಗಳು, 7/1 ಎಂದು ಬರೆಯಬಹುದಾದ್ದರಿಂದ 7 ಕೂಡ ಭಾಗಲಬ್ಧ. √2, √3, ವೃತ್ತದ ಪರಿಧಿಗೂ ವ್ಯಾಸಕ್ಕೂ ಇರುವ ಅನುಪಾತವಾದ ಪೈ, ಸ್ವಾಭಾವಿಕ ಲಾಗರಿದಮ್‌ನ ಆಧಾರಸಂಖ್ಯೆಯಾದ ‘ಇ’ ಇವು ಅಭಾಗಲಬ್ಧಗಳು. ಸಂಖ್ಯಾರೇಖೆಯ ಪ್ರತಿಯೊಂದು ಬಿಂದುವೂ ಈ ಎರಡು ಗುಂಪುಗಳಲ್ಲಿ ಒಂದಕ್ಕೆ, ಒಂದಕ್ಕೆ ಮಾತ್ರ, ಸೇರುತ್ತದೆ. ವ್ಯಾಖ್ಯೆ ಇಷ್ಟು ಸರಳವಾಗಿದ್ದರೂ ಅಭಾಗಲಬ್ಧವೆಂದರೆ ಮುಗಿಯದ ದಶಮಾಂಶ, ಅಂದಾಜಿನ ಸಂಖ್ಯೆ, ಲೆಕ್ಕಕ್ಕೆ ಪೂರ್ತಿ ಸಿಗದ ಸಂಖ್ಯೆ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಮುಗಿಯದ ದಶಮಾಂಶ 1/3ಕ್ಕೂ ಇದೆ. ಅಂದಾಜು ನಮ್ಮ ಅಳತೆಯ ಗುಣವೇ ಹೊರತು ಸಂಖ್ಯೆಯದಲ್ಲ. √2 ಎಂಬುದು 5ರಷ್ಟೇ ಖಚಿತವಾದ ಸಂಖ್ಯೆ. ಒಂದು ಸಂಖ್ಯೆಗೆ ಪೂರ್ಣಾಂಕಗಳೊಂದಿಗೆ ಎಂಥ ಸಂಬಂಧವಿದೆ ಎಂಬುದರಲ್ಲಿ ಈ ವ್ಯತ್ಯಾಸ ಅಡಗಿದೆ. ಅಳತೆಪಟ್ಟಿಯಿಂದಾಗಲಿ ಅಂಕಿಗಳನ್ನು ನೋಡಿಯಾಗಲಿ ಆ ಸಂಬಂಧವನ್ನು ನಿರ್ಣಯಿಸಲಾಗದು. ಸಾಧನೆಯೊಂದೇ ಅದನ್ನು ತೀರ್ಮಾನಿಸಬಲ್ಲದು.

ದಶಮಾಂಶ ರೂಪದ ಸಾಕ್ಷ್ಯ ಮತ್ತು ಅದರ ಮಿತಿ

1ನ್ನು 7ರಿಂದ ಭಾಗಿಸುವ ಲೆಕ್ಕವನ್ನು ಹಂತಹಂತವಾಗಿ ಮಾಡಿದರೆ ಶೇಷಗಳು ಕ್ರಮವಾಗಿ 3, 2, 6, 4, 5, 1 ಎಂದು ಬರುತ್ತವೆ. ಶುರುವಾದದ್ದೇ 1ರಿಂದ, ಶೇಷ ಮತ್ತೆ 1 ಆದ ಕೂಡಲೇ ಅದೇ ಲೆಕ್ಕ ಮರಳಿ ಆರಂಭವಾಗುತ್ತದೆ. ಆದ್ದರಿಂದ ಉತ್ತರದ ದಶಮಾಂಶದಲ್ಲಿ 142857 ಎಂಬ ಆರು ಅಂಕಿಗಳ ಕಟ್ಟು ಕೊನೆಯಿಲ್ಲದೆ ಮರುಕಳಿಸುತ್ತದೆ. 7ರಿಂದ ಭಾಗಿಸುವಾಗ 0ಯಿಂದ 6ರವರೆಗಿನ ಏಳೇ ಶೇಷಗಳು ಸಾಧ್ಯ: ಸೊನ್ನೆ ಬಂದರೆ ಭಾಗಾಕಾರ ಮುಗಿಯುತ್ತದೆ, ಬಾರದಿದ್ದರೆ ಹಿಂದೆ ಬಂದ ಶೇಷವೊಂದು ಮತ್ತೆ ಬರಲೇಬೇಕು. ಛೇದ ಯಾವುದೇ ಇರಲಿ ಇದೇ ತರ್ಕ ನಡೆಯುತ್ತದೆ. ಹಾಗಾಗಿ ಪ್ರತಿಯೊಂದು ಭಾಗಲಬ್ಧದ ದಶಮಾಂಶ ರೂಪವೂ ಅಂತ್ಯಗೊಳ್ಳುತ್ತದೆ ಇಲ್ಲವೇ ಆವರ್ತಿಸುತ್ತದೆ. ಇದರ ವಿಲೋಮವೂ ನಿಜ. 0.272727… ಎಂಬುದನ್ನು 100ರಿಂದ ಗುಣಿಸಿ ಮೂಲ ಸಂಖ್ಯೆಯನ್ನು ಕಳೆದರೆ ಬಾಲವೆಲ್ಲ ಕಳಚಿ 27 ಉಳಿಯುತ್ತದೆ. ಅಂದರೆ ಆ ಸಂಖ್ಯೆ 27/99, ಸಂಕ್ಷೇಪಿಸಿದರೆ 3/11. ಅಂತ್ಯವೂ ಆಗದೆ ಆವರ್ತವೂ ಆಗದೆ ಸಾಗುವ ದಶಮಾಂಶ ಅಭಾಗಲಬ್ಧಕ್ಕೆ ಸೇರಿದ್ದು ಎಂಬ ಶಾಲಾಪಠ್ಯದ ಮಾತಿಗೆ ಇದೇ ಆಧಾರ.

ಪ್ರಮೇಯ ಸರಿಯೇ. ಅದನ್ನು ಪರೀಕ್ಷಾವಿಧಾನ ಎಂದು ತಿಳಿದರೆ ಮಾತ್ರ ದಾರಿ ತಪ್ಪುತ್ತದೆ. 1/97ರ ದಶಮಾಂಶ 96 ಅಂಕಿಗಳಾದ ಮೇಲಷ್ಟೇ ಮರುಕಳಿಸುತ್ತದೆ. ಹತ್ತು ಅಂಕಿ ತೋರಿಸುವ ಕ್ಯಾಲ್ಕುಲೇಟರಿನಲ್ಲಿ ಅದಕ್ಕೂ ಅಭಾಗಲಬ್ಧಕ್ಕೂ ಭೇದ ಕಾಣದು. ಇದಕ್ಕೆ ತದ್ವಿರುದ್ಧವಾದ ಉದಾಹರಣೆ ಇನ್ನೂ ಸೋಜಿಗದ್ದು. ಪೈ ಮತ್ತು √163ರ ಗುಣಲಬ್ಧವನ್ನು ಘಾತವಾಗಿಟ್ಟು ‘ಇ’ಯನ್ನು ಆ ಘಾತಕ್ಕೆ ಏರಿಸಿದರೆ 262537412640768743.99999999999925… ಎಂಬ ಬೆಲೆ ಬರುತ್ತದೆ. ಬಿಂದುವಿನ ನಂತರ ಸಾಲಾಗಿ ಹನ್ನೆರಡು ಒಂಬತ್ತುಗಳು! ಅಲ್ಲಿಗೇ ನಿಲ್ಲಿಸಿದವರು ಇದೊಂದು ಪೂರ್ಣಾಂಕವೆಂದೇ ಹೇಳುತ್ತಿದ್ದರು. ಆದರೆ 1934ರಲ್ಲಿ ಗೆಲ್ಫಾಂಡ್ ಮತ್ತು ಶ್ನೈಡರ್ ಸಾಧಿಸಿದ ಪ್ರಮೇಯದ ಪ್ರಕಾರ ಇದು ಅಭಾಗಲಬ್ಧ ಮಾತ್ರವಲ್ಲ, ಪೂರ್ಣಾಂಕ ಸಹಗುಣಕಗಳಿರುವ ಯಾವ ಬಹುಪದ ಸಮೀಕರಣಕ್ಕೂ ಮೂಲವಾಗದ ಬೀಜಾತೀತ ಸಂಖ್ಯೆ. ದಶಮಾಂಶ ಮುಗಿಯುವುದು, ಮುಗಿಯದಿರುವುದು ನಾವು ಹತ್ತರ ಆಧಾರದಲ್ಲಿ ಎಣಿಸುವುದರ ಪರಿಣಾಮ ಕೂಡ ಹೌದು. ಮೂರರ ಆಧಾರದಲ್ಲಿ ಬರೆದರೆ 1/3 ಒಂದೇ ಅಂಕಿಗೆ ಮುಗಿಯುತ್ತದೆ. ಕಂಪ್ಯೂಟರು ಬಳಸುವ ಎರಡರ ಆಧಾರದಲ್ಲಿ 1/10 ಎಂದಿಗೂ ಮುಗಿಯದು. ಆಧಾರ ಬದಲಾದರೂ ಬದಲಾಗದಿರುವುದು ಭಿನ್ನರಾಶಿಯ ಸಂಬಂಧವೊಂದೇ. ಆವರ್ತವಿಲ್ಲವೆಂದರೆ ಕ್ರಮವಿಲ್ಲವೆಂದೂ ಅರ್ಥವಲ್ಲ. ಪ್ರತಿ ಬಾರಿ ಒಂದೊಂದು ಸೊನ್ನೆ ಹೆಚ್ಚಾಗುತ್ತ ಹೋಗುವ 0.101001000100001… ಎಂಬ ಸಂಖ್ಯೆಯ ಮುಂದಿನ ಅಂಕಿಯನ್ನು ಯಾರು ಬೇಕಾದರೂ ಹೇಳಬಹುದು. ಆದರೂ ಅದು ಅಭಾಗಲಬ್ಧ.

ಎರಡರ ವರ್ಗಮೂಲ

ಬಾಹು 1 ಇರುವ ಚೌಕದ ಕರ್ಣ √2. ಇದನ್ನು ಅ/ಬ ಎಂಬ ಭಿನ್ನರಾಶಿಯಾಗಿ ಬರೆಯಬಹುದೆಂದು ಊಹಿಸಿದರೆ ಅ² = 2ಬ² ಆಗಬೇಕು. ಯಾವುದೇ ಸಂಖ್ಯೆಯನ್ನು ಅವಿಭಾಜ್ಯ ಅಪವರ್ತನಗಳಾಗಿ ಒಡೆಯುವ ರೀತಿ ಒಂದೇ ಒಂದು. ವರ್ಗಸಂಖ್ಯೆಯನ್ನು ಹಾಗೆ ಒಡೆದಾಗ 2 ಎಂಬ ಅಪವರ್ತನ ಸಮಸಂಖ್ಯೆಯ ಸಲ ಬರುತ್ತದೆ, ಏಕೆಂದರೆ ಮೂಲದಲ್ಲಿ ಎಷ್ಟಿದೆಯೋ ವರ್ಗದಲ್ಲಿ ಅದರ ಇಮ್ಮಡಿ ಇರುತ್ತದೆ. ಹಾಗಾಗಿ ಎಡಬದಿಯ ಅ²ದಲ್ಲಿ 2ರ ಎಣಿಕೆ ಸಮ. ಬಲಬದಿಯ 2ಬ²ದಲ್ಲಿ ಒಂದು 2 ಹೆಚ್ಚಿಗೆ ಸೇರಿರುವುದರಿಂದ ಎಣಿಕೆ ಬೆಸ. ಒಂದೇ ಸಂಖ್ಯೆಗೆ ಎರಡೂ ಆಗಲಾರದು. ಆದ್ದರಿಂದ ಅಂಥ ಅ, ಬ ಇಲ್ಲ. ಇದೇ ತರ್ಕದಿಂದ ಪೂರ್ಣವರ್ಗವಲ್ಲದ ಯಾವ ಸ್ವಾಭಾವಿಕ ಸಂಖ್ಯೆಯ ವರ್ಗಮೂಲವೂ ಅಭಾಗಲಬ್ಧವೆಂದು ತೋರಿಸಬಹುದು. ಈ ನಾಲ್ಕು ಸಾಲುಗಳ ವಾದ ಇರುವ, ಇನ್ನು ಮುಂದೆ ಬರೆಯಲಿರುವ ಎಲ್ಲ ಭಿನ್ನರಾಶಿಗಳನ್ನೂ ಒಮ್ಮೆಲೇ ತಳ್ಳಿಹಾಕುತ್ತದೆ. ಎಷ್ಟೇ ಶಕ್ತಿಯ ಯಂತ್ರವಿದ್ದರೂ ಒಂದೊಂದಾಗಿ ಪರೀಕ್ಷಿಸುತ್ತ ಹೋದರೆ ಈ ತೀರ್ಮಾನಕ್ಕೆ ತಲುಪಲಾಗದು.

ಲೆಕ್ಕದ ನಿಖರತೆಯೇ ಬೇರೆ, ಈ ತಿಳಿವೇ ಬೇರೆ ಎಂಬುದಕ್ಕೆ ಚರಿತ್ರೆ ಸಾಕ್ಷಿ ಹೇಳುತ್ತದೆ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿರುವ ಪ್ರಾಚೀನ ಬ್ಯಾಬಿಲೋನಿನ ಜೇಡಿಮಣ್ಣಿನ ಫಲಕವೊಂದು ಕ್ರಿ.ಪೂ. 1800ರಿಂದ 1600ರ ನಡುವಿನದು. ಅದರಲ್ಲಿ ಕೊರೆದಿರುವ √2ರ ಬೆಲೆಯಲ್ಲಿ 0.0000006ರಷ್ಟು ಮಾತ್ರ ಕೊರತೆಯಿದೆ. ಯಜ್ಞವೇದಿಗಳ ರಚನೆಗಾಗಿ ಹುಟ್ಟಿದ ಬೌಧಾಯನ ಶುಲ್ಬಸೂತ್ರ ಚೌಕದ ಕರ್ಣ ಪಡೆಯಲು ಕೊಡುವ ವಿಧಿ ಹೀಗಿದೆ: ಬಾಹುವಿಗೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಕೂಡಿಸಿ, ಕೊನೆಗೆ ಸೇರಿಸಿದ್ದರ ಮೂವತ್ತನಾಲ್ಕನೆಯ ಒಂದು ಭಾಗವನ್ನು ಕಳೆಯಬೇಕು. 1 + 1/3 + 1/12 − 1/408 ಎಂಬ ಈ ಮೊತ್ತ 577/408. ಬಾಹು ಒಂದು ಕಿಲೋಮೀಟರ್ ಇರುವ ಚೌಕದಲ್ಲೂ ಇದರ ತಪ್ಪು ಎರಡು ಮಿಲಿಮೀಟರಿಗಿಂತ ಕೊಂಚ ಹೆಚ್ಚು, ಅಷ್ಟೆ. ವೇದಿ ಕಟ್ಟುವವರಿಗೆ ಇದಕ್ಕಿಂತ ಹೆಚ್ಚಿನದು ಬೇಕಿರಲಿಲ್ಲ. ಆದರೆ ಖಚಿತವಾದ ಭಿನ್ನರಾಶಿ ಇರಲು ಸಾಧ್ಯವೇ ಇಲ್ಲ ಎಂಬ ಸಾಧನೆ ಫಲಕದಲ್ಲೂ ಇಲ್ಲ, ಸೂತ್ರದಲ್ಲೂ ಇಲ್ಲ. ಅದು ಗ್ರೀಕರಲ್ಲಿ ಕಾಣಿಸಿಕೊಳ್ಳುತ್ತದೆ. ಕರ್ಣಕ್ಕೂ ಬಾಹುವಿಗೂ ಸಾಮಾನ್ಯ ಅಳತೆಯಿದ್ದರೆ ಬೆಸಸಂಖ್ಯೆಯೂ ಸಮಸಂಖ್ಯೆಯೂ ಒಂದೇ ಆಗಬೇಕಾಗುತ್ತದೆ ಎಂಬ ವಾದವನ್ನು ಅರಿಸ್ಟಾಟಲ್ ಉಲ್ಲೇಖಿಸುತ್ತಾನೆ. 3ರಿಂದ 17ರವರೆಗಿನ ಇಂಥ ವರ್ಗಮೂಲಗಳನ್ನು ಥಿಯೊಡೋರಸ್ ಪರಿಶೀಲಿಸಿದ ಸಂಗತಿ ಪ್ಲೇಟೋವಿನ ‘ಥಿಯೇಟಿಟಸ್’ ಸಂವಾದದಲ್ಲಿದೆ; ಯೂಕ್ಲಿಡನ ‘ಎಲಿಮೆಂಟ್ಸ್’ ಗ್ರಂಥದ ಹತ್ತನೆಯ ಭಾಗ ಪೂರ್ತಿಯಾಗಿ ಈ ವಿಷಯಕ್ಕೇ ಮೀಸಲು. ಅಭಾಗಲಬ್ಧತೆಯ ರಹಸ್ಯ ಹೊರಗೆಡಹಿದ್ದಕ್ಕಾಗಿ ಪೈಥಾಗೊರಸನ ಅನುಯಾಯಿ ಹಿಪ್ಪಾಸಸ್ ಸಮುದ್ರದ ಪಾಲಾದ ಎಂಬ ಕಥೆ ಬಹಳ ನಂತರದ ಬರಹಗಳಿಂದ ಬಂದದ್ದು. ಅದನ್ನು ಚರಿತ್ರೆಯೆಂದು ಒಪ್ಪಲು ಆಧಾರ ಸಾಲದು.

ಬೌಧಾಯನನ 577/408ಕ್ಕೆ ಮರಳೋಣ. 577ರ ವರ್ಗ 332929. 408ರ ವರ್ಗದ ಇಮ್ಮಡಿ 332928. ಸಮವಾಗಬೇಕಾದ ಎರಡು ಸಂಖ್ಯೆಗಳ ನಡುವೆ ಉಳಿದಿರುವುದು ಸರಿಯಾಗಿ 1. ಕಚೇರಿಗಳಲ್ಲಿ ಬಳಸುವ ಎ4 ಹಾಳೆಯಲ್ಲೂ ಇದನ್ನು ಕಾಣಬಹುದು. ಹಾಳೆಯನ್ನು ಅರ್ಧಕ್ಕೆ ಕತ್ತರಿಸಿದರೂ ಉದ್ದ-ಅಗಲಗಳ ಅನುಪಾತ ಹಾಗೆಯೇ ಉಳಿಯಬೇಕಾದರೆ ಆ ಅನುಪಾತ √2 ಆಗಿರಲೇಬೇಕು. ಜರ್ಮನಿಯಲ್ಲಿ 1922ರಲ್ಲಿ ರೂಪುಗೊಂಡು ಮುಂದೆ ಅಂತರರಾಷ್ಟ್ರೀಯ ಮಾನಕವಾದ ಈ ಅಳತೆಯ ಪ್ರಕಾರ ಎ4 ಹಾಳೆ 297 ಮತ್ತು 210 ಮಿಲಿಮೀಟರ್, ಅಂದರೆ 99/70. 99ರ ವರ್ಗ 9801, 70ರ ವರ್ಗದ ಇಮ್ಮಡಿ 9800. ಇಲ್ಲಿಯೂ ಉಳಿಯುವುದು 1. ಎ4ರ ಅರ್ಧವಾದ ಎ5 ಹಾಳೆಯ ಅಗಲ 148.5 ಆಗಬೇಕಿತ್ತು, ಮಾನಕದಲ್ಲಿ ಅದು 148 ಮಿಲಿಮೀಟರ್. ಪೂರ್ಣ ಮಿಲಿಮೀಟರುಗಳಲ್ಲಿ ಯಾವ ಅಳತೆ ಗೊತ್ತುಮಾಡಿದರೂ ಇಂಥ ಹೊಂದಾಣಿಕೆ ಎಲ್ಲೋ ಒಂದೆಡೆ ಬೇಕೇಬೇಕು. ಅ² − 2ಬ² = 1 ಎಂಬ ಬಗೆಯ ಸಮೀಕರಣಗಳನ್ನು ವರ್ಗಪ್ರಕೃತಿ ಎಂಬ ಹೆಸರಿನಲ್ಲಿ ಬ್ರಹ್ಮಗುಪ್ತ 628ರ ‘ಬ್ರಾಹ್ಮಸ್ಫುಟಸಿದ್ಧಾಂತ’ದಲ್ಲಿ ವಿವೇಚಿಸಿದ್ದಾನೆ. ಒಂದು ಪರಿಹಾರದಿಂದ ಇನ್ನೊಂದನ್ನು ಕಟ್ಟುವ ಅವನ ಭಾವನಾ ವಿಧಾನದಿಂದ 3/2ರಿಂದ 17/12, ಅದರಿಂದ ಬೌಧಾಯನನ 577/408, ಅದರಿಂದ 665857/470832 ಬರುತ್ತವೆ. ಛೇದಗಳು ಬೆಳೆಯುತ್ತವೆ, ತಪ್ಪು ಕುಗ್ಗುತ್ತದೆ, ಆದರೆ ಆ ಶೇಷ 1 ಮಾತ್ರ ಪ್ರತಿ ಹಂತದಲ್ಲೂ ಹಾಗೆಯೇ ಇರುತ್ತದೆ. ಅದು ಸೊನ್ನೆಯಾಗುವ ದಿನ ಇಲ್ಲ ಎಂಬುದೇ √2 ಅಭಾಗಲಬ್ಧ ಎಂಬ ಮಾತಿನ ಪೂರ್ಣಾರ್ಥ.

ಪೈ

ಪೈ ಎಂದರೆ 22/7 ಎಂದು ಕಲಿತವರಿಗೆ ಅದು ಅಭಾಗಲಬ್ಧವೆಂಬ ಮಾತು ಒಗಟಾಗಿ ತೋರುತ್ತದೆ. 22/7 ಎಂಬುದು ಪೈಯ ಹತ್ತಿರದ ಒಂದು ಭಾಗಲಬ್ಧ. ಅದನ್ನು ಬಳಸಿದರೆ ಹತ್ತು ಮೀಟರ್ ವ್ಯಾಸದ ವೃತ್ತದ ಪರಿಧಿ ಸುಮಾರು 12.6 ಮಿಲಿಮೀಟರ್ ಹೆಚ್ಚಾಗಿ ಬರುತ್ತದೆ. ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನ ಕಾಲದಲ್ಲಿ, 850ರ ಸುಮಾರಿಗೆ, ‘ಗಣಿತಸಾರಸಂಗ್ರಹ’ ಬರೆದ ಮಹಾವೀರಾಚಾರ್ಯ ಸ್ಥೂಲ ಲೆಕ್ಕಕ್ಕೆ 3, ಸೂಕ್ಷ್ಮ ಲೆಕ್ಕಕ್ಕೆ √10 ಹಿಡಿಯುತ್ತಾನೆ. √10 ಸ್ವತಃ ಅಭಾಗಲಬ್ಧ, ಬೆಲೆ 3.1623ರ ಸುಮಾರು, ಆದರೆ ಸಾಮಾನ್ಯ ಭಿನ್ನರಾಶಿಯಾದ 22/7 ಅದಕ್ಕಿಂತ ಪೈಗೆ ಹೆಚ್ಚು ಹತ್ತಿರ. ಅಭಾಗಲಬ್ಧವಾದ ಮಾತ್ರಕ್ಕೆ ಸೂಕ್ಷ್ಮ, ಭಾಗಲಬ್ಧವಾದ ಮಾತ್ರಕ್ಕೆ ಸ್ಥೂಲ ಎಂಬ ನಿಯಮವಿಲ್ಲವೆಂದು ಇದರಿಂದ ಸ್ಪಷ್ಟವಾಗುತ್ತದೆ. 499ರಲ್ಲಿ ಆರ್ಯಭಟ 62832/20000 ಎಂಬ ಬೆಲೆ ಕೊಟ್ಟು, ಅದು ಆಸನ್ನವಾದದ್ದು, ಅಂದರೆ ಸಮೀಪದ ಬೆಲೆ ಎಂದು ತಿಳಿಸಿದ. ಸಾವಿರ ವರ್ಷಗಳ ನಂತರ ಕೇರಳದ ನೀಲಕಂಠ ಸೋಮಯಾಜಿ ಆರ್ಯಭಟೀಯ ಭಾಷ್ಯದಲ್ಲಿ, ನಿಜವಾದ ಬೆಲೆಯನ್ನು ಬಿಟ್ಟು ಸಮೀಪದ್ದನ್ನೇಕೆ ಹೇಳಿದ ಎಂದು ತಾನೇ ಕೇಳಿಕೊಂಡು ಉತ್ತರಿಸುತ್ತಾನೆ: ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿಯುತ್ತದೆ, ಮಾನವನ್ನು ಎಷ್ಟು ಕಿರಿದು ಮಾಡಿದರೂ ಶೇಷ ಕಿರಿದಾಗುತ್ತದೆಯೇ ಹೊರತು ಇಲ್ಲವಾಗದು. ಅಭಾಗಲಬ್ಧತೆಯನ್ನು ಇದಕ್ಕಿಂತ ತಿಳಿಯಾಗಿ ವರ್ಣಿಸುವುದು ಕಷ್ಟ. ಆದರೂ ಇದು ಸಾಧನೆಯಲ್ಲ. ಪೈ ಅಭಾಗಲಬ್ಧವೆಂಬುದನ್ನು ಲ್ಯಾಂಬರ್ಟ್ 1761ರಲ್ಲಿ ಸಾಧಿಸಿದ. ಅದು ಬೀಜಾತೀತವೂ ಹೌದೆಂದು ಲಿಂಡೆಮನ್ 1882ರಲ್ಲಿ ತೋರಿಸಿದ.

ಸಾಮೀಪ್ಯ ಎಂಬ ಒರೆಗಲ್ಲು

ಭಿನ್ನರಾಶಿಗಳಿಗೆ ಸಿಗದ ಸಂಖ್ಯೆ ಭಿನ್ನರಾಶಿಗಳಿಂದ ದೂರವಿರುತ್ತದೆ ಎಂದು ಯಾರಿಗಾದರೂ ಅನ್ನಿಸಬಹುದು. ನಿಜಸ್ಥಿತಿ ಇದಕ್ಕೆ ವಿರುದ್ಧ. 3/7ರಿಂದ ಬೇರೆಯಾದ ಯಾವ ಅ/ಬ ತೆಗೆದುಕೊಂಡರೂ ಎರಡರ ಅಂತರ 1/(7ಬ)ಗಿಂತ ಕಡಿಮೆಯಾಗದು, ಏಕೆಂದರೆ ಕಳೆದಾಗ ಅಂಶದಲ್ಲಿ ಬರುವ ಪೂರ್ಣಾಂಕ ಸೊನ್ನೆಯಲ್ಲದಿದ್ದರೆ ಕನಿಷ್ಠ ಪಕ್ಷ 1 ಆಗಿರಲೇಬೇಕು. ಹೀಗಾಗಿ ಛೇದ 7ಕ್ಕಿಂತ ದೊಡ್ಡದಾದ ಯಾವ ಭಿನ್ನರಾಶಿಯೂ 3/7ಕ್ಕೆ 1/ಬ²ಗಿಂತ ಹತ್ತಿರ ಬರಲಾರದು. ಅಭಾಗಲಬ್ಧದ ವಿಷಯದಲ್ಲಾದರೋ ತಪ್ಪು 1/ಬ²ಗಿಂತ ಕಡಿಮೆ ಇರುವ ಭಿನ್ನರಾಶಿಗಳು ಅನಂತವಾಗಿವೆ ಎಂದು ಹತ್ತೊಂಬತ್ತನೆಯ ಶತಮಾನದಲ್ಲಿ ಡಿರಿಕ್ಲೆ ತೋರಿಸಿದ. √2ಗೆ 577/408, ಪೈಗೆ 355/113 ಅಂಥವು. ಭಿನ್ನರಾಶಿಗಳು ಒಂದು ಸಂಖ್ಯೆಯನ್ನು ಮುಟ್ಟದೆಯೇ ಅಷ್ಟು ಹತ್ತಿರ ಸುಳಿಯುತ್ತಿದ್ದರೆ ಆ ಸಂಖ್ಯೆ ಭಾಗಲಬ್ಧವಲ್ಲ. ಇದು ಬರೀ ವಿಚಿತ್ರ ಸಂಗತಿಯಲ್ಲ, ಸಾಧನೆಯ ಮುಖ್ಯ ಉಪಕರಣ. ‘ಇ’ ಎಂಬುದು 1 + 1/1 + 1/2 + 1/6 + 1/24 + … ಎಂಬ ಅನಂತ ಮೊತ್ತ. ಅದು ಬ ಎಂಬ ಛೇದವಿರುವ ಭಿನ್ನರಾಶಿಯಾಗಿದ್ದರೆ, 1ರಿಂದ ಬವರೆಗಿನ ಎಲ್ಲ ಸಂಖ್ಯೆಗಳ ಗುಣಲಬ್ಧದಿಂದ ಎರಡು ಬದಿಗಳನ್ನೂ ಗುಣಿಸಬಹುದು. ಎಡಬದಿ ಪೂರ್ಣಾಂಕ, ಬಲಬದಿಯ ಮೊದಲ ಪದಗಳೂ ಪೂರ್ಣಾಂಕಗಳು. ಉಳಿದ ಬಾಲವೂ ಪೂರ್ಣಾಂಕವೇ ಆಗಬೇಕು. ಆದರೆ ಆ ಬಾಲ ಸೊನ್ನೆಗಿಂತ ದೊಡ್ಡದು, ಒಂದಕ್ಕಿಂತ ಚಿಕ್ಕದು. ಅಂಥ ಪೂರ್ಣಾಂಕ ಇಲ್ಲ. ಆಯ್ಲರ್ 1737ರಲ್ಲಿ ಬೇರೆ ದಾರಿಯಿಂದ ಕಂಡ ಫಲಿತಾಂಶಕ್ಕೆ ಫೂರಿಯೇ ಕೊಟ್ಟ ಈ ಸಾಧನೆ ಪಿಯುಸಿ ವಿದ್ಯಾರ್ಥಿಗೂ ಎಟುಕುವಂಥದ್ದು. 1 + 1/8 + 1/27 + 1/64 + … ಎಂಬ ಘನಗಳ ವ್ಯುತ್ಕ್ರಮಗಳ ಮೊತ್ತ ಅಭಾಗಲಬ್ಧವೆಂದು 1978ರಲ್ಲಿ ಅಪೇರಿ ಮಂಡಿಸಿದ ಸಾಧನೆಯ ಹಿಂದೆಯೂ ಇದೇ ತತ್ತ್ವವಿದೆ.

ಆಕ್ಷೇಪಗಳು

ಯಾವ ಉಪಕರಣವೂ ಅಭಾಗಲಬ್ಧ ಅಳತೆಯನ್ನು ಕೊಡುವುದಿಲ್ಲ, ಕಂಪ್ಯೂಟರು ದಾಖಲಿಸುವ ದಶಮಾಂಶವೂ ಪರಿಮಿತ ಅಂಕಿಗಳದ್ದೇ. ಹಾಗಿದ್ದರೆ ಇವು ಬರೀ ಕಲ್ಪನೆಯಲ್ಲವೇ ಎಂಬುದು ಮೊದಲ ಆಕ್ಷೇಪ. ಉಪಕರಣ ಸರಿಯಾಗಿ 1/3ನ್ನೂ ಕೊಡುವುದಿಲ್ಲ, ಸರಿಯಾಗಿ 1ನ್ನೂ ಕೊಡುವುದಿಲ್ಲ. ಒಂದು ವ್ಯಾಪ್ತಿಯನ್ನಷ್ಟೇ ಕೊಡುತ್ತದೆ, ಆ ವ್ಯಾಪ್ತಿ ಎಷ್ಟೇ ಕಿರಿದಾಗಿದ್ದರೂ ಅದರೊಳಗೆ ಎರಡೂ ಬಗೆಯ ಸಂಖ್ಯೆಗಳು ಅನಂತವಾಗಿರುತ್ತವೆ. ಅಳತೆ ಭಾಗಲಬ್ಧದ ಪರವಾಗಿಯೂ ಸಾಕ್ಷಿ ಹೇಳದು. ಎರಡನೆಯ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಯಾವ ಎರಡು ಭಾಗಲಬ್ಧಗಳ ನಡುವೆಯೂ ಇನ್ನೊಂದು ಭಾಗಲಬ್ಧ ಇದೆ. ಇಷ್ಟು ಒತ್ತಾದ ಸಾಲಿನಲ್ಲಿ ಬೇರೆ ಸಂಖ್ಯೆಗೆ ಎಡೆಯೆಲ್ಲಿ? ಉತ್ತರವನ್ನು ಡೆಡೆಕಿಂಡ್ 1872ರಲ್ಲಿ ಕೊಟ್ಟ. ಧನ ಭಾಗಲಬ್ಧಗಳನ್ನೆಲ್ಲ, ವರ್ಗ 2ಕ್ಕಿಂತ ಕಡಿಮೆ ಇರುವವು ಮತ್ತು ಹೆಚ್ಚು ಇರುವವು ಎಂದು ಎರಡು ಪಾಲು ಮಾಡಿದರೆ ಒಂದೂ ಹೊರಗುಳಿಯುವುದಿಲ್ಲ. ಆದರೆ ಮೊದಲ ಪಾಲಿನಲ್ಲಿ ಅತಿ ದೊಡ್ಡದೆಂಬುದಿಲ್ಲ, ಎರಡನೆಯದರಲ್ಲಿ ಅತಿ ಚಿಕ್ಕದೆಂಬುದಿಲ್ಲ. ಪಾಲು ಮಾಡಿದ ಆ ಸ್ಥಳದಲ್ಲಿ ಯಾವ ಭಾಗಲಬ್ಧವೂ ಇಲ್ಲ. ಅಲ್ಲಿರುವ ಸಂಖ್ಯೆಯೇ √2. ಒತ್ತಾಗಿರುವುದು ಬೇರೆ, ಬಿರುಕಿಲ್ಲದಿರುವುದು ಬೇರೆ. ಪೂರ್ಣಾಂಕಗಳಿಂದ ಪರಿಮಿತ ಹಂತಗಳಲ್ಲಿ ಕಟ್ಟಲಾಗದ್ದನ್ನು ಗಣಿತಕ್ಕೆ ಸೇರಿಸಬಾರದೆಂದು ಕ್ರೋನೆಕರ್ ಪಟ್ಟುಹಿಡಿದಿದ್ದ. ಆ ನಿಲುವು ಗೌರವಾರ್ಹ, ಏಕೆಂದರೆ ಸಂಖ್ಯೆಯಿದೆ ಎನ್ನುವವರು ಅದನ್ನು ಕಟ್ಟಿ ತೋರಿಸಬೇಕೆಂದು ಅದು ಕೇಳುತ್ತದೆ. ಆದರೆ ಭಾಗಲಬ್ಧಗಳಷ್ಟೇ ಸಾಕೆಂದು ನಿಂತರೆ, ಸೊನ್ನೆಯ ಕೆಳಗಿನಿಂದ ಮೇಲಕ್ಕೆ ಎಡೆಬಿಡದೆ ಏರುವ ರೇಖೆ ಸೊನ್ನೆಯನ್ನು ಎಲ್ಲಿಯೂ ಮುಟ್ಟದೆ ದಾಟಿಹೋಗಬಹುದಾಗುತ್ತದೆ. ಕಲನಶಾಸ್ತ್ರದ ಅಡಿಪಾಯವೇ ಕುಸಿಯುತ್ತದೆ.

ಅಭಾಗಲಬ್ಧಗಳು ಅಪರೂಪದ ಅಪವಾದಗಳು ಎಂಬ ಮಾತೂ ನಿಲ್ಲದು. 0 ಮತ್ತು 1ರ ನಡುವಿನ ಭಿನ್ನರಾಶಿಗಳನ್ನು ಅಂಶ-ಛೇದಗಳ ಮೊತ್ತದ ಕ್ರಮದಲ್ಲಿ 1/2, 1/3, 1/4, 2/3, 1/5 ಎಂದು ಒಂದೂ ಬಿಡದೆ ಪಟ್ಟಿ ಮಾಡಬಹುದು. ಪಟ್ಟಿಯ ಮೊದಲನೆಯದನ್ನು 1/10 ಉದ್ದದ ತುಂಡಿನಿಂದ, ಎರಡನೆಯದನ್ನು 1/100ರಿಂದ, ಮೂರನೆಯದನ್ನು 1/1000ದಿಂದ ಮುಚ್ಚುತ್ತ ಹೋದರೆ ತುಂಡುಗಳ ಒಟ್ಟು ಉದ್ದ 0.111…, ಅಂದರೆ 1/9. ಭಾಗಲಬ್ಧಗಳೆಲ್ಲ ಮುಚ್ಚಿಹೋದ ಮೇಲೂ ರೇಖೆಯ 8/9 ಭಾಗಕ್ಕೆ ಕಡಿಮೆಯಿಲ್ಲದಷ್ಟು ಉಳಿದಿರುತ್ತದೆ. ಇನ್ನೂ ಚಿಕ್ಕ ತುಂಡುಗಳಿಂದ ಆರಂಭಿಸಿದರೆ ಮುಚ್ಚಲು ಬೇಕಾದ ಉದ್ದವನ್ನು ಎಷ್ಟು ಬೇಕಾದರೂ ಕಡಿಮೆ ಮಾಡಬಹುದು. ವಾಸ್ತವ ಸಂಖ್ಯೆಗಳನ್ನು ಹೀಗೆ ಪಟ್ಟಿ ಮಾಡುವುದು ಅಸಾಧ್ಯವೆಂದು ಕ್ಯಾಂಟರ್ 1874ರಲ್ಲಿ ಸಾಧಿಸಿದ. ನಾವು ದಿನವೂ ಬಳಸುವ ಭಾಗಲಬ್ಧಗಳೇ, ಅಳತೆಯ ಲೆಕ್ಕದಲ್ಲಿ, ಸಂಖ್ಯಾರೇಖೆಯ ಮೇಲಿನ ಅಪವಾದಗಳು.

ತೀರ್ಮಾನವಾಗದ ಪ್ರಶ್ನೆಗಳು

ಹೀಗಿದ್ದರೂ ನಿರ್ದಿಷ್ಟವಾದ ಒಂದು ಸಂಖ್ಯೆಯನ್ನು ಮುಂದಿಟ್ಟು ಅದು ಯಾವ ಗುಂಪಿನದು ಎಂದು ಹೇಳುವುದು ಕಠಿಣವಾಗಬಹುದು. ಎರಡು ಭಾಗಲಬ್ಧಗಳ ಮೊತ್ತ, ಗುಣಲಬ್ಧ ಸದಾ ಭಾಗಲಬ್ಧ. ಅಭಾಗಲಬ್ಧಗಳಿಗೆ ಅಂಥ ನಿಯಮವಿಲ್ಲ. √2 × √2 ಎಂದರೆ 2. 3 + √2 ಮತ್ತು 3 − √2 ಕೂಡಿದರೆ 6. ಆದ್ದರಿಂದ ಪೈ ಮತ್ತು ‘ಇ’ ಎರಡೂ ಬೀಜಾತೀತವೆಂದು ಗೊತ್ತಿದ್ದರೂ ಅವುಗಳ ಮೊತ್ತ ಅಭಾಗಲಬ್ಧವೇ ಎಂಬ ಪ್ರಶ್ನೆ ಇನ್ನೂ ಬಗೆಹರಿದಿಲ್ಲ. ಮೊತ್ತ, ಗುಣಲಬ್ಧ ಎರಡೂ ಭಾಗಲಬ್ಧವಾಗಿರಲಾರವು, ಹಾಗಾದರೆ ಪೈ ಒಂದು ವರ್ಗಸಮೀಕರಣದ ಮೂಲವಾಗಿಬಿಡುತ್ತದೆ ಎಂಬಷ್ಟೇ ಸಿದ್ಧವಾಗಿದೆ. ಗಾಮಾ ಎಂದು ಕರೆಯುವ, 0.5772ರ ಸುಮಾರಿನ ಆಯ್ಲರ್ ಸ್ಥಿರಾಂಕದ ಸ್ಥಿತಿ ಇನ್ನೂ ಸೂಚಕವಾದದ್ದು. ಅದು ಭಿನ್ನರಾಶಿಯಾಗಿದ್ದರೆ ಛೇದದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಅಂಕಿಗಳಿರಬೇಕೆಂದು ಕಂಪ್ಯೂಟರ್ ಲೆಕ್ಕಗಳಿಂದ ಗೊತ್ತಾಗಿದೆ. ಬೇರೆ ಯಾವ ವಿಜ್ಞಾನದಲ್ಲಾದರೂ ಇಷ್ಟು ಪುರಾವೆ ಸಾಕೆನಿಸುತ್ತಿತ್ತು. ಗಣಿತದಲ್ಲಿ ಅದು ಅಭಾಗಲಬ್ಧವೆಂದು ಯಾರೂ ಪ್ರಮೇಯವಾಗಿ ಬರೆದಿಲ್ಲ, ಬರೆಯುವಂತೆಯೂ ಇಲ್ಲ, ಏಕೆಂದರೆ ಅಷ್ಟು ಅಂಕಿಗಳ ಆಚೆಗೂ ಭಿನ್ನರಾಶಿಗಳು ಅನಂತವಾಗಿವೆ. ಭಾಗಲಬ್ಧವೆನ್ನಲು ಎರಡು ಪೂರ್ಣಾಂಕಗಳನ್ನು ತೋರಿಸಿದರೆ ಸಾಕು. ಅಭಾಗಲಬ್ಧವೆನ್ನಲು ಯಾವ ಎರಡು ಪೂರ್ಣಾಂಕಗಳೂ ಒಪ್ಪಲಾರವು ಎಂದು ಸಾಧಿಸಬೇಕು. ಈ ಎರಡು ಹೊಣೆಗಳ ನಡುವಿನ ಅಂತರವನ್ನು ವಿದ್ಯಾರ್ಥಿ ಮನಗಂಡರೆ ಸಾಧನೆ ಗಣಿತಕ್ಕೆ ಏಕೆ ಅನಿವಾರ್ಯ ಎಂಬುದೂ ಅವನಿಗೆ ತಿಳಿಯುತ್ತದೆ.